ಸೀರೆ ನಮ್ಮೂರ್ದು, ಕಥೆ ಹತ್ತೂರ್ದು

ಮೈಸೂರು ಕಡೆ ಮದುವೆ ಮನೇಲಿ ಯಾರಾದ್ರೂ ಮೈಸೂರು ಸಿಲ್ಕ್ ಉಟ್ಕೊಂಡು ಬಂದ್ರೆ ಪಕ್ಕದಲ್ಲಿ ಕೂತಿರೋ ದೊಡ್ಡಮ್ಮ ಸೆರಗಿನ ತುದಿ ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿ "ಒರಿಜಿನಲ್ಲೇ ಕಣೇ, ಎಷ್ಟು ಕೊಟ್ಟೆ" ಅಂತ ಕೇಳೇ ಕೇಳ್ತಾರೆ, ಆಮೇಲೆ "ಏನೇ ಹೇಳು, ನಮ್ಮ ಹಳೇ ಸಂಪ್ರದಾಯದ ಸೀರೆ ಮುಂದೆ ಈ ಡಿಸೈನರ್ ಪಿಸೈನರ್ ಎಲ್ಲಾ ವೇಸ್ಟು" ಅಂತ ಒಂದು ಸೇರಿಸ್ತಾರೆ. ಸೀರೆ ಚೆನ್ನಾಗಿದೆ ಅನ್ನೋದ್ರಲ್ಲಿ ನನ್ನದೇನೂ ತಕರಾರಿಲ್ಲ. ಆದ್ರೆ ಆ ಹಳೇ ಸಂಪ್ರದಾಯ ಇದ್ಯಲ್ಲ, ಅದನ್ನ ಒಂದೊಂದೇ ಪದರ ಬಿಡಿಸ್ತಾ ಹೋದ್ರೆ ಒಳಗೆ ಸ್ವಿಟ್ಜರ್ಲೆಂಡಿನ ಮಿಷಿನ್ನು, ಬಂಗಾಳದ ಹುಳ, ಲಂಡನ್ನಲ್ಲಿ ಮಲೇರಿಯಾ ಔಷಧಿ ಮಾಡೋಕೆ ಹೋದ ಹುಡುಗ, ಕಾಶ್ಮೀರದ ನೇಕಾರ, ಬಾಂಬೆಯ ಪಾರ್ಸಿ ಹೆಂಗಸ್ರು ಎಲ್ಲಾ ಸಿಗ್ತಾರೆ. ಮುತ್ತಜ್ಜಿ ಮಾತ್ರ ಅಷ್ಟಾಗಿ ಸಿಗಲ್ಲ.

ಮೊದಲು ಬಟ್ಟೆನೇ ತಗೊಳ್ಳೋಣ. ಮಾನಂದವಾಡಿ ರಸ್ತೇಲಿರೋ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಅಲ್ಲಿಗೆ ಬಂದಿದ್ದು ಕೈಮಗ್ಗ ಅಲ್ಲ, ಸ್ವಿಟ್ಜರ್ಲೆಂಡಿಂದ ಹಡಗಲ್ಲಿ ತರಿಸಿದ ಪವರ್ ಲೂಮು. ಆ ಕಾಲಕ್ಕೆ ಅದು ಹೊಚ್ಚ ಹೊಸಾ ಟೆಕ್ನಾಲಜಿ, ಬಟ್ಟೆ ಮೊದಮೊದಲು ಅರಮನೆಗೇ ಹೋಗ್ತಿತ್ತು. ಮೈಸೂರಿಗೆ ಆಗ ಕರೆಂಟ್ ಬರ್ತಿದ್ದದ್ದು ಎಲ್ಲಿಂದ ಅಂದ್ರೆ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ, ಅಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಅಂತ ಶುರು ಮಾಡಿದ್ದ ಕರೆಂಟು 1908ರ ಹೊತ್ತಿಗೆ ಮೈಸೂರಿಗೂ ಬಂದಿತ್ತು. ಅಂದ್ರೆ ಕಾವೇರಿ ಅಲ್ಲಿ ಧುಮುಕದೇ ಇದ್ದಿದ್ರೆ, ಗಣಿಯೋರಿಗೆ ಕರೆಂಟ್ ಬೇಕಾಗದೇ ಇದ್ದಿದ್ರೆ, ಈ ಸೀರೆ ಈ ರೂಪದಲ್ಲಿ ಬರ್ತಿತ್ತೋ ಇಲ್ವೋ. 1980ರಲ್ಲಿ ಅದು ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಕೈಗೆ ಬಂತು, ಈಗ ನಾವು ಕ್ಯೂ ನಿಲ್ಲೋದು ಆ ಅಂಗಡಿ ಮುಂದೆ. ಕೈಮಗ್ಗದ ರೇಷ್ಮೆ ಸೀರೇನೇ ಬೇಕು ಅನ್ನೋರು ಶ್ರೀರಂಗಪಟ್ಟಣದ ಹತ್ರ ಕೊಡಿಯಾಲಕ್ಕೆ ಹೋಗ್ಬೇಕು, ಅದು ಬೇರೆ ಮನೆತನ.

ಇನ್ನು ದೊಡ್ಡಮ್ಮ ಉಜ್ಜಿ ನೋಡ್ತಾರಲ್ಲ, ಆ ಬೆರಳಿಗೆ ಸಿಗೋದೇನು? ಮೈಸೂರು ಸಿಲ್ಕು ಕಾಂಚೀಪುರಂ ತರ ಗಟ್ಟಿ ನಿಲ್ಲಲ್ಲ, ಮೈಗೆ ಇಳಿಬೀಳುತ್ತೆ, ಕೈಯಾಡಿಸಿದ್ರೆ ಸಣ್ಣಗೆ ಮರಳಿನ ತರ ತರಿ ತರಿ ಸಿಗುತ್ತೆ, ಅದನ್ನೇ ಕ್ರೇಪ್ ಅನ್ನೋದು. ಇದರ ಗುಟ್ಟು ಇರೋದು ಹೊಕ್ಕಿನ ನೂಲಲ್ಲಿ. ಹಾಸು ಅಂದ್ರೆ ಉದ್ದಕ್ಕೆ ಹೋಗೋ ನೂಲು, ಹೊಕ್ಕು ಅಂದ್ರೆ ಅಡ್ಡ ಹೋಗೋದು. ಕ್ರೇಪಿಗೆ ಹೊಕ್ಕಿನ ನೂಲನ್ನ ಮೀಟರಿಗೆ ಸಾವಿರಾರು ಸುತ್ತು ಹೊಸೀತಾರೆ. ಹಗ್ಗನ ಅತಿಯಾಗಿ ಹೊಸೆದು ಕೈಬಿಟ್ರೆ ತನ್ನಷ್ಟಕ್ಕೆ ತಾನೇ ಮುರುಟಿಕೊಳ್ಳುತ್ತಲ್ಲ, ನೂಲಿಗೂ ಅದೇ ಬುದ್ಧಿ. ಎಲ್ಲಾ ನೂಲೂ ಒಂದೇ ಕಡೆ ಮುರುಟಿದ್ರೆ ಬಟ್ಟೆನೇ ಸೊಟ್ಟಗಾಗುತ್ತೆ ಅಂತ ಒಂದಷ್ಟು ಬಲಕ್ಕೆ ಹೊಸೆದದ್ದು, ಒಂದಷ್ಟು ಎಡಕ್ಕೆ ಹೊಸೆದದ್ದು ಅಂತ ಸರದಿ ಮೇಲೆ ಹಾಕಿ ನೇಯ್ತಾರೆ. ಆದ್ರೆ ಮಗ್ಗದಿಂದ ಇಳಿದಾಗ ಬಟ್ಟೆ ನೋಡಿದ್ರೆ ಸೀರೆ ಅಂತ ಅನ್ಸೋದೇ ಇಲ್ಲ, ಕಾಗದದ ತರ ಬಿರುಸು, ಹೊಳಪಿಲ್ಲ, ಯಾಕಂದ್ರೆ ಹುಳ ಎಳೆ ಬಿಡುವಾಗ ಅದರ ಸುತ್ತ ಒಂದು ಅಂಟೂ ಬಿಟ್ಟಿರುತ್ತೆ, ತೂಕದಲ್ಲಿ ಸುಮಾರು ಕಾಲು ಭಾಗ ಆ ಅಂಟೇ. ಬಟ್ಟೆನ ಸೋಪಿನ ನೀರಲ್ಲಿ ಕುದಿಸಿದಾಗ ಅಂಟು ಹೋಗುತ್ತೆ, ಅಲ್ಲಿವರೆಗೂ ಅಂಟಿನ ಹಿಡಿತದಲ್ಲಿ ಸುಮ್ನಿದ್ದ ನೂಲು ಆಗ ಬಿಡುಗಡೆ ಆಗಿ ಒಂದು ಆ ಕಡೆ ಒಂದು ಈ ಕಡೆ ಎಳೆಯುತ್ತೆ, ಬಟ್ಟೆ ಸ್ವಲ್ಪ ಕುಗ್ಗುತ್ತೆ, ಮೇಲೆ ತರಿ ಏಳುತ್ತೆ. ಹಳೇ ಸೀರೆ ಇದ್ರೆ ಅಂಚು ಬಿಟ್ಟು ಹೋಗಿರೋ ಕಡೆ ಅಡ್ಡ ನೂಲು ಒಂದು ಎಳೆದು ನೋಡಿ, ನೆಟ್ಟಗೆ ನಿಲ್ಲಲ್ಲ, ಸುರುಳಿ ಸುತ್ಕೊಳ್ಳುತ್ತೆ. (ಅಮ್ಮನ ಸೀರೇಲಿ ಕೇಳದೇ ಮಾಡ್ಬೇಡಿ, ನಾನು ಜವಾಬ್ದಾರ ಅಲ್ಲ.)

ಇದರಿಂದಾನೇ ಇನ್ನೊಂದು ವಿಷಯ ಅರ್ಥ ಆಗುತ್ತೆ. ಹಳೇ ಮಾದರಿ ಮೈಸೂರು ಸಿಲ್ಕು ಯಾಕೆ ಒಡಲೂ ಅಂಚೂ ಒಂದೇ ಬಣ್ಣ, ಮೇಲೆ ಜರಿ ಪಟ್ಟಿ ಅಷ್ಟೇ? ಸರಳತೆ ನಮ್ಮ ಮೈಸೂರಿನ ಸಂಸ್ಕೃತಿ ಅಂತ ತುಂಬಾ ಜನ ಹೇಳ್ತಾರೆ, ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಕಾರಣ ಕಾರ್ಖಾನೆಯ ಲೆಕ್ಕಾಚಾರದ್ದು. ಕಾಂಚೀಪುರಂ ಕಡೆ ಮೊದಲು ನೂಲಿಗೆ ಬಣ್ಣ ಹಾಕಿ ಆಮೇಲೆ ನೇಯ್ತಾರೆ, ಹಾಗಾಗಿ ಒಡಲು ಒಂದು ಬಣ್ಣ ಅಂಚು ಒಂದು ಬಣ್ಣ ಮಾಡ್ಬೋದು. ಕ್ರೇಪಲ್ಲಿ ನೇಯ್ದಾದ ಮೇಲೆ ಕುದಿಸಲೇಬೇಕು, ಹಾಗಾಗಿ ಬಣ್ಣ ಹಾಕೋದೂ ಅದಾದ ಮೇಲೇನೇ, ಇಡೀ ಸೀರೆನ ಒಂದೇ ತೊಟ್ಟೀಲಿ ಅದ್ದಿದ್ರೆ ಒಂದೇ ಬಣ್ಣ ಬರುತ್ತೆ ತಾನೇ. ಜರಿ ಮೇಲೆ ಬಣ್ಣ ನಿಲ್ಲಲ್ಲ, ಅದು ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ, ಅದೊಂದು ಹಾಗೇ ಹೊಳೀತಾ ಉಳ್ಕೊಳ್ಳುತ್ತೆ. ಈಗೀಗ ಕಾಂಟ್ರಾಸ್ಟ್ ಬಾರ್ಡರ್ ಎಲ್ಲಾ ಬಂದಿದೆ ಬಿಡಿ, ನಾನು ಹೇಳ್ತಿರೋದು ಬೀರುವಿನ ತಳದಲ್ಲಿ ಮಲ್‌ಬಟ್ಟೆ ಸುತ್ತಿಟ್ಟಿರೋ ಸೀರೆ ವಿಷಯ.

ಸರಿ, ಹುಳನಾದ್ರೂ ನಮ್ದಾ? ಮಳವಳ್ಳಿ, ಮದ್ದೂರು, ತಿ.ನರಸೀಪುರ ಕಡೆ ಹಳ್ಳೀಲಿ "ಹುಳ ಮೂರನೇ ಜ್ವರಕ್ಕೆ ಕುಂತವೆ, ಮನೆಗೆ ಬರಬ್ಯಾಡ ಕಣಪ್ಪ" (ಜ್ವರ ಅಂದ್ರೆ ಹುಳ ಪೊರೆ ಕಳಚೋ ಹೊತ್ತು) ಅನ್ನೋದು ಎಷ್ಟು ಮಾಮೂಲು ಅಂದ್ರೆ ಹಿಪ್ಪುನೇರಳೆ ಸೊಪ್ಪು, ಚಾಕಿ ಅನ್ನೋ ಮರಿ ಹುಳ, ಗೂಡು ಕಟ್ಟಿಸೋ ಚಂದ್ರಿಕೆ, ಗೂಡು ಅನ್ನೋದೆಲ್ಲ ರಾಗಿ ಜೊತೆಗೇ ಹುಟ್ಟಿದ್ದೇನೋ ಅನ್ಸುತ್ತೆ. ಆದ್ರೆ ಇದು ಇಲ್ಲಿ ಬೇರೂರಿದ್ದು ಟಿಪ್ಪು ಕಾಲದಲ್ಲಿ. 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಕಾಗದ ಒಂದಿದೆ, ಬುರ್ಹಾನುದ್ದೀನ್ ಮತ್ತೆ ಕಸ್ತೂರಿ ರಂಗ ಅನ್ನೋ ಇಬ್ಬರನ್ನ ಬಂಗಾಳಕ್ಕೆ ರೇಷ್ಮೆ ಹುಳ ತರೋಕೆ ಕಳಿಸಿದ್ದೆ, ಅವರು ವಾಪಸ್ ಬರ್ತಿದಾರೆ, ಬಂದ ಕೂಡ್ಲೆ ಹುಳ ಎಂಥಾ ಜಾಗದಲ್ಲಿ ಇಡ್ಬೇಕು ಅಂತ ಅವರನ್ನೇ ಕೇಳಿ ವ್ಯವಸ್ಥೆ ಮಾಡು, ಸೊಪ್ಪಿನ ಏರ್ಪಾಡೂ ಮಾಡು, ಅನ್ನೋ ಅರ್ಥದ್ದು. ಯುದ್ಧದ ಮೇಲೆ ಯುದ್ಧ ಮಾಡ್ತಿದ್ದ ಮನುಷ್ಯ ಹುಳಕ್ಕೆ ಸೊಪ್ಪು ಹಾಕಿದ್ರಾ ಇಲ್ವಾ ಅಂತ ವಿಚಾರಿಸ್ತಿದ್ದ ಅನ್ನೋದು ನನಗಂತೂ ಮಜಾ ಅನ್ಸುತ್ತೆ. ಅದಾಗಿ ನೂರಹತ್ತು ವರ್ಷಕ್ಕೆ, 1896ರಲ್ಲಿ, ಜಮ್‌ಶೆಟ್‌ಜಿ ಟಾಟಾ ಬೆಂಗಳೂರಲ್ಲಿ ರೇಷ್ಮೆ ಫಾರಂ ಮಾಡಿ ಜಪಾನಿನವರನ್ನ ಕರೆಸಿ ಅವರ ಪದ್ಧತಿ ಕಲಿಸಿದ್ರು, ಬೆಂಗಳೂರಲ್ಲಿ ಟಾಟಾ ಸಿಲ್ಕ್ ಫಾರಂ ಅಂತ ಏರಿಯಾ ಹೆಸರು ಈಗಲೂ ಇದೆ. ಇನ್ನೂ ಮುಂದೆ ಬಂದ್ರೆ ನಮ್ಮ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನ್ ಸಹಕಾರದಿಂದಲೇ ಬೈವೋಲ್ಟೀನ್, ಅಂದ್ರೆ ವರ್ಷಕ್ಕೆ ಎರಡು ಪೀಳಿಗೆ ಬರೋ ತಳಿ ಬಂತು, ಈಗ ಎಷ್ಟೋ ರೈತರು ಸಾಕೋ ಸಿಬಿ ಹುಳ ಅಂದ್ರೆ ತಾಯಿ ಮೈಸೂರು ತಳಿ, ತಂದೆ ಆ ಬೈವೋಲ್ಟೀನು. ಸೊಪ್ಪಿನ ವಿ-1 ಗಿಡ ಕೂಡ ಆ ಸಂಸ್ಥೇದೇ.

ಬಣ್ಣದ ಕಥೆಗೆ ಶ್ರೀರಂಗಪಟ್ಟಣದಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ದರಿಯಾ ದೌಲತ್ ಒಳಗೆ ಹೋದ್ರೆ ಪಡುವಣ ಗೋಡೆ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಮಧ್ಯೆ ಪಲ್ಲಕ್ಕೀಲಿ ಗಾಯ ಆಗಿ ಕೂತಿರೋ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೈಲಿ, ಸುತ್ತ ಚೌಕಾಕಾರವಾಗಿ ಕೆಂಪು ಕೋಟಿನ ಸೋಲ್ಜರ್‌ಗಳು. ಎಲ್ಲರೂ ಕುದುರೆ, ಮೀಸೆ ನೋಡ್ತಾರೆ, ಒಂದ್ಸಲ ಆ ಕೋಟು ನೋಡಿ. ಇಂಗ್ಲೆಂಡಿನ ಸೈನ್ಯಕ್ಕೆ ಕೆಂಪು ಬಟ್ಟೆ ಕಾಯಂ ಆಗಿದ್ದು 1645ರಲ್ಲಿ. ಸಾಮಾನ್ಯ ಸಿಪಾಯಿ ಕೋಟಿಗೆ ಮಂಜಿಷ್ಠದಂಥ ಒಂದು ಬೇರಿನ ಕೆಂಪು, ಅದು ಅಗ್ಗ, ತೊಳೆದು ತೊಳೆದು ಇಟ್ಟಿಗೆ ಬಣ್ಣಕ್ಕೆ ತಿರುಗೋದು. ಆಫೀಸರ್ ಕೋಟಿಗೆ ಮಾತ್ರ ಮೆಕ್ಸಿಕೋದ ಪಾಪಾಸುಕಳ್ಳಿ ಮೇಲೆ ಬೆಳೆಯೋ ಒಂದು ಹುಳನ ಒಣಗಿಸಿ ತೆಗೆದ ಕೆಂಪು, ಕಣ್ಣು ಕುಕ್ಕೋ ಹಾಗೆ ಇರೋದು. ದೂರದಿಂದ ಕೋಟಿನ ಕೆಂಪು ನೋಡೇ ಇವನು ಸಾಹೇಬನೋ ಸಿಪಾಯಿಯೋ ಅಂತ ಹೇಳ್ಬೋದಿತ್ತು. ಆಗ ಬಣ್ಣ ಅಂದ್ರೆ ಬೇರು, ತೊಗಟೆ, ಹುಳ ಇಷ್ಟೇ, ಒಳ್ಳೇ ನೇರಳೆ ಬಣ್ಣ ಅಂತೂ ರಾಜಮಹಾರಾಜರಿಗೇ ದುಬಾರಿ.

ಇದನ್ನ ತಲೆಕೆಳಗು ಮಾಡಿದ್ದು ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ, 1856ರಲ್ಲಿ. ಇಂಡಿಯಾದಂಥ ಕಡೆ ಬ್ರಿಟಿಷರು ಮಲೇರಿಯಾದಲ್ಲಿ ಸಾಯ್ತಿದ್ರು, ಔಷಧಿ ಕ್ವಿನೈನ್ ಬರ್ತಿದ್ದದ್ದು ದಕ್ಷಿಣ ಅಮೆರಿಕದ ಮರದ ತೊಗಟೆಯಿಂದ, ಸಿಕ್ಕಾಪಟ್ಟೆ ರೇಟು. ಕಲ್ಲಿದ್ದಲಿನ ಡಾಂಬರಿಂದ ಅದನ್ನ ಮಾಡೋಕಾಗುತ್ತಾ ಅಂತ ಇವನು ಈಸ್ಟರ್ ರಜೇಲಿ ಮನೇಲೇ ಪ್ರಯೋಗ ಮಾಡ್ತಿದ್ದ, ಔಷಧಿ ಬರಲಿಲ್ಲ, ತಳದಲ್ಲಿ ಕಪ್ಪು ಗಸಿ ಉಳೀತು, ಅದನ್ನ ಸ್ಪಿರಿಟ್ ಹಾಕಿ ತೊಳೆಯೋಕೆ ಹೋದ್ರೆ ನೇರಳೆ ಬಣ್ಣ ಬಿಡ್ತು. ರೇಷ್ಮೆ ಚೂರೊಂದನ್ನ ಅದ್ದಿ ನೋಡಿದ, ತೊಳೆದ್ರೂ ಹೋಗಲಿಲ್ಲ. ಅಷ್ಟೇ, ಔಷಧಿ ಆಸೆ ಬಿಟ್ಟು ಬಣ್ಣದ ಫ್ಯಾಕ್ಟರಿ ಹಾಕಿದ. 1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಆ ಛಾಯೆಯ ಗೌನು ಹಾಕಿದ್ದೇ ತಡ, ಲಂಡನ್ ಪೂರ್ತಿ ನೇರಳೆ. ಅದರ ಹಿಂದೇನೇ ಸಾಲಾಗಿ ಕೃತಕ ಬಣ್ಣಗಳು ಬಂದ್ವು, ಬೇರಿನ ಕೆಂಪು ಬೆಳೆಯೋರು ಮುಳುಗಿದ್ರು, 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ನೀಲೀನೂ ಮಾರ್ಕೆಟ್ಟಿಗೆ ಬಿಟ್ಟ ಮೇಲೆ ಬಿಹಾರದ ನೀಲಿ ತೋಟಗಳೂ ಹಾಳಾದ್ವು. ಬೇರು ತೊಗಟೆ ಕಾಲ ಮುಗಿದು ಕೃತಕ ಬಣ್ಣ ಜಗತ್ತೆಲ್ಲಾ ಹಬ್ಬಿದ ಮೇಲೆ ಶುರುವಾಗಿದ್ದು ನಮ್ಮ ಕಾರ್ಖಾನೆ. "ಅದೇ ನೇರಳೆ ಹಣ್ಣಿನ ಕಲರ್ ತೋರ್ಸಿ" ಅಂತ ಅಂಗಡೀಲಿ ನಾವು ಕೇಳೋ ಧೈರ್ಯ ಬಂದಿದ್ದೇ ಆ ಡಾಂಬರಿನ ಗಸಿಯಿಂದ.

ಅಂಚಿನಲ್ಲಿರೋ ಮಾವಿನಕಾಯಿಗೆ ಬರೋಣ. ತುದಿ ಸ್ವಲ್ಪ ಬಾಗಿರೋ ಮಾವಿನಕಾಯಿ ಬುಟ್ಟಾ ಇಲ್ಲದ ರೇಷ್ಮೆ ಸೀರೆ ಅಂಗಡಿ ನಮ್ಮಲ್ಲಿ ಯಾವುದಿದೆ ಹೇಳಿ. ಈ ಆಕಾರ ಜಗತ್ತೆಲ್ಲಾ ಸುತ್ತಿದ್ದು ಕಾಶ್ಮೀರಿ ಶಾಲಿನ ಮೇಲೆ, ಅಲ್ಲಿ ಅದು ಮೊದಲು ಮಾವಿನಕಾಯೀನೇ ಅಲ್ಲ. ಮೊಘಲರ ಕಾಲದ ಶಾಲಿನಲ್ಲಿ ಬೇರು ಸಮೇತ ಒಂದು ಹೂವಿನ ಗಿಡ ನೇಯ್ತಿದ್ರು, ಬರ್ತಾ ಬರ್ತಾ ಗಿಡ ದಟ್ಟ ಆಗಿ ಹೂಗುಚ್ಛ ಆಯ್ತು, ಆಮೇಲೆ ಅದರ ತುದಿ ಬಾಗ್ತು, ಸುತ್ತ ಗೆರೆ ಬಂತು, ಕೊನೆಗೆ ಈ ಆಕಾರಕ್ಕೆ ನಿಂತ್ಕೊಳ್ತು. ಎತ್ತರದ ಚಳಿ ನಾಡಿನ ಆಡಿನ ಹೊಟ್ಟೆ ಕೆಳಗಿನ ನವಿರು ಕೂದಲು, ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಕಡ್ಡಿ, ಒಂದು ಶಾಲಿಗೆ ವರ್ಷಗಟ್ಟಲೆ ಹಿಡಿಯೋದೂ ಇತ್ತು. ನೆಪೋಲಿಯನ್ ಈಜಿಪ್ಟ್ ದಂಡಯಾತ್ರೆಗೆ ಹೋದಾಗ ಅವನ ಅಫೀಸರ್‌ಗಳು ಇಂಥ ಶಾಲು ಮನೆಗೆ ಕಳಿಸಿದ್ರು, ಹೆಂಡತಿ ಜೋಸೆಫೀನ್ ಹತ್ರ ರಾಶಿ ರಾಶಿ ಸೇರ್ತು, ಪ್ಯಾರಿಸ್ ಹೆಂಗಸ್ರಿಗೆಲ್ಲಾ ಹುಚ್ಚು ಹಿಡೀತು. ಬೇಡಿಕೆ ನೋಡಿ ಸ್ಕಾಟ್ಲೆಂಡಿನ ಪೈಸ್ಲಿ ಅನ್ನೋ ಊರಿನವರು ಮಗ್ಗದಲ್ಲಿ ನಕಲು ಹೊಡೆಯೋಕೆ ಶುರು ಮಾಡಿದ್ರು, ರಂಧ್ರ ಇರೋ ರಟ್ಟಿನ ಕಾರ್ಡ್ ಹಾಕಿ ಡಿಸೈನ್ ತೆಗೆಯೋ ಜಕಾರ್ಡ್ ಮಗ್ಗ ಬಂದ ಮೇಲಂತೂ ಕೇಳೋದೇ ಬೇಡ. ನಕಲಿನ ಊರಿನ ಹೆಸರೇ ಆ ಡಿಸೈನಿಗೆ ನಿಂತಿದೆ, ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. 1870ರ ಪ್ರಷ್ಯಾ ಯುದ್ಧದಲ್ಲಿ ಫ್ರಾನ್ಸ್ ಸೋತು ಅಲ್ಲಿನ ವ್ಯಾಪಾರ ನಿಂತ್ಹೋಯ್ತು, ಜೊತೆಗೆ ಹೆಂಗಸ್ರ ಗೌನಿನ ಹಿಂಭಾಗ ಉಬ್ಬಿಸೋ ಫ್ಯಾಷನ್ ಬಂತು, ಅದರ ಮೇಲೆ ದೊಡ್ಡ ಶಾಲು ಹೊದ್ರೆ ಕೂರಲ್ಲ, ನಕಲೀನೂ ಅಗ್ಗ ಆಗಿ ಎಲ್ಲರ ಮೈಮೇಲೂ ಬಂದಿತ್ತು. ಕಾಶ್ಮೀರದಲ್ಲಿ 1877ರಿಂದ ಭೀಕರ ಬರಗಾಲ ಬೇರೆ, ನೇಕಾರರ ಬದುಕೇ ಹೋಯ್ತು. ಪ್ಯಾರಿಸ್ಸಿನಲ್ಲಿ ಗೌನಿನ ಆಕಾರ ಬದಲಾದ್ರೆ ಶ್ರೀನಗರದಲ್ಲಿ ಒಲೆ ಹತ್ತಲ್ಲ ಅನ್ನೋ ಪರಿಸ್ಥಿತಿ.

ಶಾಲು ಅಂದಾಗ ಸನ್ಮಾನ ನೆನಪಾಯ್ತು. ಕಲಾಮಂದಿರದಲ್ಲಿ ಯಾವುದೇ ಫಂಕ್ಷನ್ ಆಗ್ಲಿ, ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ, ಇದರ ಸೀಕ್ವೆನ್ಸ್ ತಪ್ಪಲ್ಲ. ದೇವಸ್ಥಾನದಲ್ಲಿ ಪರಿವಟ್ಟ ಕಟ್ಟೋ ಮರ್ಯಾದೆ ನಮ್ಮಲ್ಲಿ ಮೊದಲಿಂದ ಇದೆ, ಅದು ಬೇರೆ ದಾರಿ. ಆದ್ರೆ ದರ್ಬಾರಿನಲ್ಲಿ ಬಟ್ಟೆ ಹೊದಿಸಿ ಗೌರವಿಸೋದು ಅರಬ್, ಪರ್ಷಿಯಾ, ಮೊಘಲ್ ಆಸ್ಥಾನಗಳ ಖಿಲತ್ ಪದ್ಧತಿ, ಅಲ್ಲಿ ಅದು ಬರೀ ಗೌರವ ಅಲ್ಲ, ಬಾದಷಹ ಕೊಟ್ಟ ಬಟ್ಟೆ ಮೈಮೇಲೆ ಹಾಕ್ಕೊಂಡೆ ಅಂದ್ರೆ ಅವನ ಅಧಿಕಾರ ಒಪ್ಪಿಕೊಂಡೆ ಅಂತ ಎಲ್ಲರ ಎದುರು ಒಪ್ಪಿಗೆ ಕೊಟ್ಟ ಹಾಗೆ. ಕಾಶ್ಮೀರಿ ಶಾಲು ಖಿಲತ್ತಿನ ಮುಖ್ಯ ಐಟಂ. ಈಗ ಹೊದಿಸೋ ಪಾಲಿಯೆಸ್ಟರ್ ಶಾಲಿನ ಅಂಚಲ್ಲಿ ಅದೇ ಮಾವಿನಕಾಯಿ ಕೂತಿರುತ್ತೆ, ಗಮನಿಸಿ.

ಇಷ್ಟಾದ್ರೂ "ಉಡೋ ಕ್ರಮ ಆದ್ರೂ ನಮ್ದೇ ತಾನೇ" ಅಂತ ಕೇಳ್ತೀರ. ಅಲ್ಲೇ ನೋಡಿ ಇನ್ನೂ ದೊಡ್ಡ ಪೆಟ್ಟು. ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು, ಅದರ ಹೊರಗೋಡೆ ಸುತ್ತ ನಿಧಾನವಾಗಿ ಒಂದು ರೌಂಡ್ ಹಾಕಿ ಹೆಂಗಸ್ರ ವಿಗ್ರಹ ಮಾತ್ರ ನೋಡ್ತಾ ಹೋಗಿ. ಸೊಂಟದಿಂದ ಕೆಳಗೆ ಮೈಗೆ ಅಂಟಿದ ವಸ್ತ್ರ, ಅದರ ಮೇಲೆ ಡಾಬು, ಸರ, ತೋಳ್ಬಂದಿ, ಎಲ್ಲಾ ಎಣಿಸೋ ಹಾಗಿದೆ, ಆದ್ರೆ ಈಗಿನ ತರ ಎಡ ಹೆಗಲ ಮೇಲೆ ಸೆರಗು, ಒಳಗೆ ತೋಳಿರೋ ಬ್ಲೌಸು, ಕೆಳಗೆ ಲಂಗ, ಮುಂದೆ ಸಾಲಾಗಿ ನೆರಿಗೆ, ಇದು ಕಾಣಲ್ಲ. ಶಿಲ್ಪಿಯ ಕಣ್ಣು ಬೇರೆ, ದಿನನಿತ್ಯದ ಉಡುಗೆ ಬೇರೆ ಇರ್ಬೋದು, ಒಪ್ತೀನಿ. ಉಡೋ ರೀತೀನೂ ಊರೂರಿಗೆ ಬೇರೆ ಇತ್ತು, ಮೇಲುಕೋಟೆ ಅಯ್ಯಂಗಾರ್ ಅಜ್ಜಿಯರ ಕಚ್ಚೆ ಬೇರೆ, ಕೊಡಗಿನವರು ನೆರಿಗೆ ಹಿಂದಕ್ಕೆ ಹಾಕೋದು ಬೇರೆ.

ಈಗಿನ ಈ ಸೆಟ್ಟು, ಅಂದ್ರೆ ಬ್ಲೌಸು ಲಂಗ ಸೀರೆ ಮೂರೂ ಸೇರಿ ಒಂದು "ಡೀಸೆಂಟ್ ಡ್ರೆಸ್" ಅಂತ ಆಗಿದ್ದರಲ್ಲಿ ಕಲ್ಕತ್ತದ ಜ್ಞಾನದಾನಂದಿನಿ ದೇವಿ ಪಾತ್ರ ದೊಡ್ಡದು. ಗಂಡ ಸತ್ಯೇಂದ್ರನಾಥ ಟಾಗೋರ್, ರವೀಂದ್ರರ ಅಣ್ಣ, ಐಸಿಎಸ್ ಪಾಸಾದ ಮೊದಲ ಭಾರತೀಯ, ಪೋಸ್ಟಿಂಗ್ ಆಗಿದ್ದು ಬಾಂಬೆ ಕಡೆ. ಬಂಗಾಳದಲ್ಲಿ ಆಗ ಮನೆಯೊಳಗಿನ ಹೆಂಗಸ್ರು ಒಂದೇ ತೆಳು ಸೀರೆ ಸುತ್ಕೊಳ್ತಿದ್ದದ್ದು, ಅದರಲ್ಲಿ ಹೊರಗೆ ನಾಲ್ಕು ಜನರ ಮಧ್ಯೆ ಓಡಾಡೋದು ಹೇಗೆ? 1860ರ ದಶಕದಲ್ಲಿ ಬಾಂಬೆಗೆ ಬಂದ ಆಕೆ ಅಲ್ಲಿನ ಪಾರ್ಸಿ ಹೆಂಗಸ್ರು ಉಡೋದನ್ನ ನೋಡಿ, ಅದನ್ನ ತನಗೆ ಬೇಕಾದ ಹಾಗೆ ತಿದ್ದಿ, ಒಳಗೆ ಬ್ಲೌಸು ಪೆಟಿಕೋಟು ಸೇರಿಸಿ, ಕಲ್ಕತ್ತಕ್ಕೆ ವಾಪಸ್ ಹೋದ ಮೇಲೆ ಕಲಿಯೋಕೆ ಇಷ್ಟ ಇರೋರು ಬನ್ನಿ ಅಂತ ಪತ್ರಿಕೇಲಿ ಪ್ರಕಟಣೇನೂ ಕೊಟ್ರು. ಬ್ರಹ್ಮ ಸಮಾಜದ ಮನೆಗಳಲ್ಲಿ ಮೊದಲು ಹಬ್ಬಿತು. ಸುಮ್ನೆ ಸ್ಟೈಲಿಗೆ ಅಲ್ಲ, ಹೊಸಿಲು ದಾಟೋಕೆ ಒಂದು ಬಟ್ಟೆ ಬೇಕಿತ್ತು, ಅದಕ್ಕೆ.

ಇನ್ನೊಂದು ಕಡೆ ರಾಜಾ ರವಿವರ್ಮ. ಜಗನ್ಮೋಹನ ಅರಮನೆ ಗ್ಯಾಲರೀಲಿ ಅವರ ಒರಿಜಿನಲ್ ಪೇಂಟಿಂಗ್‌ಗಳು ನಮ್ಮ ಮೈಸೂರಲ್ಲೇ ಇವೆ. 1894ರಲ್ಲಿ ಬಾಂಬೆಯಲ್ಲಿ ಅವರು ಪ್ರೆಸ್ ಹಾಕಿ ಲಕ್ಷ್ಮಿ ಸರಸ್ವತಿ ಚಿತ್ರ ಅಚ್ಚು ಹಾಕಿಸಿದ ಮೇಲೆ ದೇಶದ ಗೋಡೆಗೋಡೆಗೂ ಸೀರೆ ಉಟ್ಟು ರವಿಕೆ ತೊಟ್ಟ ದೇವಿ ಬಂದ್ರು. ದೇವಿಯೇ ಹಾಗೆ ಉಟ್ಟಿದ್ದಾಳೆ ಅಂದ ಮೇಲೆ ಅದು ಹಳೇದಲ್ಲ ಅಂತ ಯಾರು ಹೇಳೋಕಾಗುತ್ತೆ! ನನ್ನ ಪ್ರಕಾರ "ಸಂಪ್ರದಾಯದ ಸೀರೆ" ಅನ್ನೋ ಕಲ್ಪನೆ ಗಟ್ಟಿ ಆಗಿದ್ದು ಯಾವ ಶಾಸ್ತ್ರದಿಂದಲೂ ಅಲ್ಲ, ಆ ಕ್ಯಾಲೆಂಡರ್ ಚಿತ್ರಗಳಿಂದಲೇ. ಮುಂದೆ ಕೂಚ್ ಬೆಹಾರದ ಮಹಾರಾಣಿ ಇಂದಿರಾ ದೇವಿ ಫ್ರಾನ್ಸಿನಲ್ಲಿ ಸೀರೆ ಅಳತೆಗೇ ಶಿಫಾನ್ ನೇಯಿಸಿ ಉಟ್ರು, ತೆಳುವಾಗಿ ಇಳಿಬೀಳೋ ಸೀರೆ ಅಂದ್ರೆ ದೊಡ್ಡೋರ ಸೀರೆ ಅನ್ನೋ ಅಭಿಪ್ರಾಯ ಬಂತು, ಕ್ರೇಪಿಗೂ ಜಾರ್ಜೆಟ್ಟಿಗೂ ಆ ಗಾಳಿ ಒಳ್ಳೇದೇ ಮಾಡ್ತು ಅನ್ಸುತ್ತೆ.

ಸೀರೆ ಕೆಳಗೆ ಹೀಲ್ಸ್ ಹಾಕ್ತೀರಲ್ಲ, ಅದು ಗಂಡಸರದ್ದು. ಪರ್ಷಿಯಾದ ಸವಾರರು ಓಡೋ ಕುದುರೆ ಮೇಲೆ ರಿಕಾಪಿನಲ್ಲಿ ಎದ್ದು ನಿಂತು ಬಾಣ ಬಿಡುವಾಗ ಕಾಲು ಜಾರದೇ ಇರ್ಲಿ ಅಂತ ಹಿಮ್ಮಡಿ ಎತ್ತರ ಮಾಡ್ಕೊಂಡಿದ್ರು. 1600ರ ಸುಮಾರಿಗೆ ಪರ್ಷಿಯಾದ ರಾಯಭಾರಿಗಳು ಯುರೋಪಿಗೆ ಹೋದ್ರು, ಅಲ್ಲಿನ ಶ್ರೀಮಂತ ಗಂಡಸರು ನೋಡಿ ಮರುಳಾದ್ರು, ಫ್ರಾನ್ಸಿನ ಹದಿನಾಲ್ಕನೇ ಲೂಯಿ ಕೆಂಪು ಹಿಮ್ಮಡಿಯ ಶೂ ಹಾಕಿ, ಆಸ್ಥಾನಿಕರು ಬಿಟ್ಟು ಬೇರೆಯವರು ಹಾಕೋ ಹಾಗಿಲ್ಲ ಅಂತ ಮಾಡ್ದ. 18ನೇ ಶತಮಾನದಲ್ಲಿ ಗಂಡಸರು ಬಿಟ್ರು, ಕಾಲುನೋವು ಹೆಂಗಸ್ರಿಗೆ ಉಳೀತು.

ಕೊನೆಗೆ ಈಗಿನ ಹುಚ್ಚು, ಆರಿ ವರ್ಕ್. ಮೈಸೂರಲ್ಲಿ ಯಾವ ಬಡಾವಣೆಗೆ ಹೋದ್ರೂ "ಆರಿ ವರ್ಕ್ ಕ್ಲಾಸ್ ನಡೆಸಲಾಗುವುದು" ಅಂತ ಬೋರ್ಡು, ಮದುವೆ ಹೆಣ್ಣಿನ ಬ್ಲೌಸಿನ ತೋಳಿಗೆ ಆನೆ, ನವಿಲು, ಪಲ್ಲಕ್ಕಿ, ಕೆಲವರಂತೂ ಗಂಡಿನ ಹೆಸರೇ ಹಾಕಿಸ್ತಾರೆ, ಸೀರೆಗಿಂತ ಬ್ಲೌಸ್ ಬಿಲ್ಲೇ ಜಾಸ್ತಿ. ಬಟ್ಟೆನ ಮರದ ಚೌಕಟ್ಟಿಗೆ ಬಿಗಿದು, ದಾರ ಕೆಳಗಡೆ ಹಿಡ್ಕೊಂಡು, ಕೊಕ್ಕೆ ಇರೋ ಸೂಜೀನ ಮೇಲಿಂದ ಚುಚ್ಚಿ ದಾರ ಎಳೆದು ಸರಪಳಿ ಹೊಲಿಗೆ ಹಾಕ್ತಾರಲ್ಲ, ಆ ಸೂಜಿ ಮೂಲದಲ್ಲಿ ಚಮ್ಮಾರರ ಉಳಿ. ಗುಜರಾತಿನ ಕಛ್ ಕಡೆ ಮೋಚಿಗಳು ಚರ್ಮದ ಮೇಲೆ ಅದರಿಂದ ಕಸೂತಿ ಹಾಕ್ತಿದ್ರು, ಆಮೇಲೆ ಅದೇ ಕೈ ರೇಷ್ಮೆ ಬಟ್ಟೆಗೆ ಬಂತು, ಆಸ್ಥಾನಗಳಿಗೆ ಹೋಯ್ತು, 18ನೇ ಶತಮಾನದಲ್ಲಿ ಯುರೋಪಿನ ದೊಡ್ಡ ಮನೆ ಹೆಂಗಸ್ರು ಅದೇ ಕೊಕ್ಕೆ ಸೂಜಿ ಹಿಡಿದು ಹೊತ್ತು ಕಳೀತಿದ್ರು. ಚರ್ಮ ಮುಟ್ಟೋರನ್ನ ಹೊರಗಿಟ್ಟ ಸಮಾಜದಲ್ಲಿ ಅವರ ಉಳಿಯ ಕೆಲಸಾನೇ ಈಗ ಮುಹೂರ್ತದ ಬ್ಲೌಸಿನ ಮೇಲೆ ಕೂತಿದೆ, ಪೂಜೆಗೆ ಕೂರೋ ಹೆಣ್ಣು ಅದನ್ನೇ ತೊಟ್ಕೊಂಡು ಮಣೆ ಮೇಲೆ ಕೂರ್ತಾಳೆ, ಯಾರೂ ಕೇಳಲ್ಲ, ದೊಡ್ಡಮ್ಮನೂ ಕೇಳೋದು "ವರ್ಕಿಗೆ ಎಷ್ಟು ತಗೊಂಡ್ರು" ಅಂತ ಅಷ್ಟೇ.